ಕೈ ಮೇಲೆ ಕೈ

ಇಪ್ಪತ್ತೆರಡು ವರ್ಷದ ಹುಡುಗಿಯ ಮೇಲೆ ಐವತ್ಮೂರು ವರ್ಷದ ಗಂಡಸು ಹೊಟ್ಟೆಕಿಚ್ಚು ಪಡುವುದೆಂದರೆ ನಾಚಿಕೆಗೇಡು. ಅದು ಏಕನಾಥನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು ಭಾಗ್ಯ? ಪ್ರತಿ ಭಾನುವಾರ ಬೆಳಿಗ್ಗೆ ದೆಹಲಿಯ ಲೋಧಿ ಕಾಲೋನಿಯ ಆ ಸರ್ಕಾರಿ ಫ್ಲ್ಯಾಟಿನ ವರಾಂಡದಲ್ಲಿ ತಾನ್ಯಾಳ ಕೈ ಗುರು ದತ್ತಾತ್ರೇಯರ ಕೈ ಮೇಲೆ ಕೂತಾಗಲೆಲ್ಲ ಅವನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಆ ಭಾನುವಾರವೂ ಹಾಗೇ ಆಯಿತು. ತರಕಾರಿ ಮಾರುವ ಭಯ್ಯಾ ಒಬ್ಬ ತಳ್ಳುಗಾಡಿಯ ಚಕ್ರ ಎತ್ತಲು ಹೋಗಿ ಬಲಗೈ ಮಣಿಕಟ್ಟು ತಿರುಚಿಕೊಂಡು ಬಂದಿದ್ದ. ದತ್ತಾತ್ರೇಯರು ಪದ್ಧತಿಯ ಪ್ರಕಾರ ಮೊದಲು ಅವನ ಎಡಗೈ ಹಿಡಿದರು. ಚೆನ್ನಾಗಿರುವ ಕೈಯನ್ನು ಮೊದಲು ಓದಬೇಕು, ಕೆಟ್ಟ ಕೈಯನ್ನು ಆಮೇಲೆ. ದೇವರು ಎರಡು ಪ್ರತಿ ಬರೆದುಕೊಟ್ಟಿರುವಾಗ ತಪ್ಪಾದ ಪ್ರತಿಯನ್ನು ಸರಿಯಾದ ಪ್ರತಿ ನೋಡಿಯೇ ತಿದ್ದಬೇಕು ಎನ್ನುವುದು ಅವರ ಮಾತು. ಓದಿ ಮುಗಿಸಿ, "ಬಾ ಮಗಾ" ಎಂದರು. ಕರೆದದ್ದು ಏಕನಾಥನನ್ನಲ್ಲ. ತಾನ್ಯಾ ಬಂದು ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ತನ್ನ ಬೆಳ್ಳನೆಯ ಕೈಯನ್ನು ಅವರ ಸುಕ್ಕುಗಟ್ಟಿದ ಕೈ ಮೇಲೆ ಇಟ್ಟಳು.

"ನೀನು ಮೊಣಕೈ ಹಿಡ್ಕೋ ಏಕನಾಥ. ಅಲ್ಲಾಡಬೇಡ."

ಹನ್ನೊಂದು ವರ್ಷದಿಂದ ಅವನು ಹಿಡಿದುಕೊಂಡೇ ಇದ್ದ. ಮೊಣಕೈ, ಹೆಗಲು, ತೊಡೆ, ಹಿಮ್ಮಡಿ. ಮೂಳೆ ಕೂಡಿಸುವವರು ಒಂದು ತುದಿ ಎಳೆಯುವಾಗ ಇನ್ನೊಂದು ತುದಿ ಹಿಡಿಯಲು ಒಬ್ಬ ಬೇಕಲ್ಲ, ಆ ಒಬ್ಬ ಇವನು. ಈ ವಿದ್ಯೆಗೆ ಪುಸ್ತಕವಿಲ್ಲ, ಮಂತ್ರವಿಲ್ಲ. ಗುರುವಿನ ಕೈ ಕೆಲಸ ಮಾಡುವಾಗ ಶಿಷ್ಯನ ಕೈ ಅದರ ಮೇಲೆ ಸವಾರಿ ಮಾಡಬೇಕು. ಎಲ್ಲಿ ಒತ್ತಿದರು, ಎಲ್ಲಿ ಬಿಟ್ಟರು, ಮೂಳೆ ಎಲ್ಲಿ ಜಾರಿ ಮನೆಗೆ ಬಂತು ಎನ್ನುವುದೆಲ್ಲ ಹಾಗೆ ಕೈಯಿಂದ ಕೈಗೆ ಇಳಿಯಬೇಕು. ದತ್ತಾತ್ರೇಯರಿಗೆ ಮೈಸೂರಿನ ಗರಡಿಮನೆಯ ವಸ್ತಾದರು ಹೀಗೆಯೇ ಇಳಿಸಿದ್ದರು. ಆಮೇಲೆ ದತ್ತಾತ್ರೇಯರು ದೆಹಲಿಗೆ ಬಂದು ಒಂದು ಮಂತ್ರಾಲಯದಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ, ನಿವೃತ್ತರಾಗಿ, ಈಗ ಎಪ್ಪತ್ತಾರರಲ್ಲಿ ಅಧಿಕಾರಿಯಾಗಿರುವ ಮಗಳು ಹರಿಣಿಯ ಕ್ವಾರ್ಟರ್ಸಿನಲ್ಲಿ ಇದ್ದರು. ಸುತ್ತಲಿನ ಜನಕ್ಕೆ ಅವರು ಪಹಲ್ವಾನ್‌ಜೀ. ದುಡ್ಡು ಮುಟ್ಟುತ್ತಿರಲಿಲ್ಲ. ಮೂಳೆ ಮುರಿದು ಚರ್ಮ ಹರಿದಿದ್ದರೆ, ಬೆರಳು ತಣ್ಣಗಾಗಿದ್ದರೆ, ಮರಗಟ್ಟಿದ್ದರೆ ಕೈ ಹಚ್ಚದೆ ಆಸ್ಪತ್ರೆಗೆ ಓಡಿಸುತ್ತಿದ್ದರು.

ತಾನ್ಯಾ ಸ್ವಲ್ಪ ಮುಂದಕ್ಕೆ ಬಾಗಿದಳು. ಅವಳ ಕೈ ಗುರುಗಳ ಕೈಯನ್ನು ಚೂರು ತಳ್ಳಿದಂತೆ ಏಕನಾಥನಿಗೆ ಕಂಡಿತು. ಅಬ್ಬಾ, ಏನು ಅಹಂಕಾರ! ಸವಾರಿ ಮಾಡು ಅಂದರೆ ಲಗಾಮು ಹಿಡಿಯುತ್ತಾಳಲ್ಲ! ಗುರುಗಳು ಈಗ ಬೈಯುತ್ತಾರೆ ಎಂದು ಅವನು ಆಸೆಯಿಂದ ಕಾದ. ಬೈಯಲಿಲ್ಲ. ಮೂಳೆ ಕಟ್ ಎಂದು ಕೂತಿತು. ಭಯ್ಯಾ "ಹಾಯ್ ರಾಮ್" ಎಂದು ಕೂಗಿ, ಆಮೇಲೆ ಬೆರಳು ಮಡಿಸಿ ಬಿಡಿಸಿ ನೋಡಿಕೊಂಡು ನಕ್ಕುಬಿಟ್ಟ.

"ಶಹಭಾಷ್," ಎಂದರು ಗುರುಗಳು. ಅದನ್ನೂ ಅವಳಿಗೇ ಹೇಳಿದರು.

ನಿನ್ನೆ ಮೊನ್ನೆ ಬಂದವಳು! ಕೊಡಗಿನ ಸುಬೇದಾರರ ಮಗಳು, ಊರೂರು ಕಂಟೋನ್ಮೆಂಟಿನಲ್ಲಿ ಬೆಳೆದವಳು, ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಯೂನಿವರ್ಸಿಟಿಯಲ್ಲಿ ಎಂ.ಎ. ಓದುವವಳು. ಜನವರಿಯಲ್ಲಿ ಹಾಕಿ ಆಡಿ ಪಾದ ತಿರುಚಿಕೊಂಡು ರೋಗಿಯಾಗಿ ಬಂದಿದ್ದಳು. ಪಾದ ನೆಟ್ಟಗಾದ ಮೇಲೂ ಹೋಗಲಿಲ್ಲ. "ತಾತ, ಮುಝೇ ಭೀ ಸಿಖಾಓ ನಾ, ನನಗೂ ಕಲಿಸಿ" ಎಂದು ಹಟ ಹಿಡಿದು ಕೂತಳು. ಏಕನಾಥ ಒಳಗೊಳಗೇ ನಕ್ಕಿದ್ದ. ನೋಡೋಣ, ಪದ್ಧತಿ ಗೊತ್ತಾದ ಮೇಲೆ ಎಷ್ಟು ದಿನ ಇರುತ್ತಾಳೋ ಎಂದುಕೊಂಡಿದ್ದ.

ಪದ್ಧತಿ ಸುಲಭದ್ದಲ್ಲ. ಮೊದಲು ದಪ್ಪ ರಜಾಯಿಯ ಕೆಳಗೆ ಒಂದು ಹುಣಸೆಬೀಜ ಇಟ್ಟು ಮೇಲಿನಿಂದ ಬೆರಳಾಡಿಸಿ ಹುಡುಕಬೇಕು. ಅದಾದ ಮೇಲೆ ನ್ಯೂಸ್‌ಪೇಪರಿನ ಹಾಳೆಯ ಕೆಳಗೆ ಒಂದು ತಲೆಗೂದಲು. ಒಂದು ಹಾಳೆ, ಎರಡು ಹಾಳೆ, ಹೀಗೇ ಏರಿಸುತ್ತ ಹೋಗಬೇಕು. ಏಕನಾಥ ಎರಡು ವರ್ಷದಲ್ಲಿ ಏಳು ಹಾಳೆ ಮುಟ್ಟಿದ್ದ. ಮೆಟ್ರೋದಲ್ಲಿ ಪಕ್ಕದವರ ಮೊಣಕೈ ತಾಗಿದರೂ ಒಳಗಿನ ಗಂಟು ಗೊತ್ತಾಗುವಷ್ಟು ಅವನ ಚರ್ಮ ಚುರುಕಾಗಿತ್ತು. ಹೆಂಡತಿ ಪದ್ಮಾಳ ಪಾದ, ಆಫೀಸಿನ ಚಪರಾಸಿಯ ಮಣಿಕಟ್ಟು, ಯಾವುದನ್ನೂ ಬಿಟ್ಟಿರಲಿಲ್ಲ. ಆದರೂ ಗುರುಗಳದು ಒಂದೇ ಮಾತು: "ಇನ್ನೂ ಕಾಲ ಬಂದಿಲ್ಲ, ಹಿಡ್ಕೋ." ಆ ಹುಡುಗಿ ಐದನೆಯ ಹಾಳೆಗೆ ಬಂದದ್ದೇ ತಡ, ಮೂರನೆಯ ತಿಂಗಳಿಗೇ ಕೈ ಮೇಲೆ ಕೈ!

ಸಂಜೆ ಇಂದಿರಾಪುರಂನ ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಪದ್ಮಾ ಬೀನ್ಸ್ ಮುರಿಯುತ್ತಾ ಅವನ ಮುಖ ನೋಡಿದಳು.

"ಏನು, ಇವತ್ತೂ ಆ ಹುಡುಗಿಗೆ ಶಹಭಾಷ್ ಸಿಕ್ತಾ?"

"ನಿನಗೆ ಯಾರು ಹೇಳಿದರು?"

"ಮುಖ ನೋಡಿದರೆ ಗೊತ್ತಾಗಲ್ವಾ, ಹರಳೆಣ್ಣೆ ಕುಡಿದವರ ಹಾಗಿದೆ. ನಮ್ಮ ಮಗಳ ವಯಸ್ಸಿನವಳು ಕಣ್ರೀ ಅದು."

"ವಯಸ್ಸಿನ ಮಾತಲ್ಲ. ಹನ್ನೊಂದು ವರ್ಷ, ಪದ್ಮಾ! ಆಟೋ, ಮೆಟ್ರೋ, ಮಂಡಿ ಹೌಸ್‌ನಲ್ಲಿ ಬದಲಾಯಿಸಿ ಮತ್ತೆ ಮೆಟ್ರೋ. ಒಂದು ಭಾನುವಾರ ತಪ್ಪಿಸಿದ್ದೀನಾ? ನಿನ್ನ ತಮ್ಮನ ಗೃಹಪ್ರವೇಶಕ್ಕೂ ಹೋಗಲಿಲ್ಲ."

"ಅದನ್ನ ನಾನು ಮರೆತಿಲ್ಲ ಬಿಡಿ," ಎಂದಳು ಪದ್ಮಾ. "ಅವರಿಗೆ ಕಲಿಸೋ ಮನಸ್ಸಿಲ್ಲ ಅಂದರೆ ಬಿಟ್ಟುಬಿಡಿ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನು ನೋವಾ?"

ಬಿಡಲಾಗುವುದಿಲ್ಲ ಎನ್ನುವುದೇ ಅವನ ಕಷ್ಟ. ಆಫೀಸಿನಲ್ಲಿ ಅವನು ಸೆಕ್ಷನ್ ಆಫೀಸರ್, ಕಡತದಿಂದ ಕಡತಕ್ಕೆ ಬೆಳಗಾಗಿ ಬೈಗಾಗುತ್ತಿತ್ತು. ತನ್ನ ಕೈಯಲ್ಲಿ ಬೇರೆ ಏನೋ ಇದೆ ಎಂದು ಅವನಿಗೆ ಅನಿಸಿದ್ದು ಆ ವರಾಂಡದಲ್ಲಿ ಮಾತ್ರ. ಅದು ನಿಜವೋ ಸುಳ್ಳೋ ಹೇಳಬೇಕಾದವರು ಒಬ್ಬರೇ, ಅವರು ಬಾಯಿ ಬಿಡುತ್ತಿರಲಿಲ್ಲ.

ಜುಲೈ ಮೊದಲ ವಾರ ಸುದ್ದಿ ಬಂತು. ಹರಿಣಿಗೆ ಗುವಾಹಟಿಗೆ ವರ್ಗ. ತಿಂಗಳ ಕೊನೆಯೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು, ತಂದೆಯೂ ಜೊತೆಗೆ ಹೊರಡುತ್ತಾರೆ. ದತ್ತಾತ್ರೇಯರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು:

"ಹೋಗೋ ಮುಂಚೆ ಕೈ ಒಪ್ಪಿಸಬೇಕು. ನಮ್ಮ ವಸ್ತಾದರು ಒಬ್ಬನಿಗೇ ಒಪ್ಪಿಸಿದ್ದು, ನಾನೂ ಒಬ್ಬರಿಗೇ. ಬರೋ ಭಾನುವಾರ ಹನ್ನೊಂದು ಗಂಟೆಗೆ. ಅವರ ಕೈಗೆ ಎಣ್ಣೆ ಹಚ್ಚಿ, ಆ ದಿನದ ಮೊದಲ ರೋಗಿಯನ್ನ ಅವರ ಎದುರಿಗೆ ಕೂರಿಸ್ತೀನಿ. ಅಲ್ಲಿಂದಾಚೆ ನಾನು ಯಾರನ್ನೂ ಮುಟ್ಟೋದಿಲ್ಲ. ಅವರ ಮನೆಗೇ ಜನ ಹೋಗಬೇಕು."

"ಯಾರಿಗೆ ತಾತ?" ಎಂದಳು ತಾನ್ಯಾ, ಸಂಕೋಚವೇ ಇಲ್ಲದೆ.

"ಭಾನುವಾರ ಹೇಳ್ತೀನಿ," ಎಂದು ಅವರು ಅವಳ ತಲೆ ಸವರಿದರು.

ಸವರಿದ್ದು ಅವಳ ತಲೆಯನ್ನು! ಇನ್ನು ಹೇಳುವುದೇನು ಉಳಿದಿತ್ತು? ಏಕನಾಥ ಆ ವಾರವೆಲ್ಲ ಅನ್ನ ಕಲಸಿ ತಿನ್ನದೆ ಏಳುತ್ತಿದ್ದ. ಕಡತದಲ್ಲಿ ಎರಡು ಸಲ ತಪ್ಪು ಜಾಗದಲ್ಲಿ ಸಹಿ ಹಾಕಿದ. ಬಾತ್‌ರೂಮಿನಲ್ಲಿ ಕೈ ತೊಳೆಯುವಾಗ ತನ್ನ ಬೆರಳುಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳಿಗೇನು, ಎಂ.ಎ. ಮುಗಿದರೆ ಯಾವುದೋ ಊರಿಗೆ, ಯಾವುದೋ ಕೆಲಸಕ್ಕೆ ಹಾರಿಹೋಗುತ್ತಾಳೆ, ಈ ವಿದ್ಯೆ ಅವಳಿಗೆ ಊಟಕ್ಕಿಲ್ಲದ ಉಪ್ಪಿನಕಾಯಿ. ತನಗೋ ಇದೊಂದೇ.

ಶನಿವಾರ ಸಂಜೆ ಬಾಲ್ಕನಿಯಲ್ಲಿ ಕೂತು ಅವನು ಫೋನು ತೆಗೆದ. ಭಾನುವಾರದ ಮೆಸೇಜುಗಳನ್ನು ಕಳಿಸುವುದು ಮೊದಲಿನಿಂದಲೂ ಅವನ ಕೆಲಸವೇ, ಗುರುಗಳು ಫೋನು ಮುಟ್ಟುತ್ತಿರಲಿಲ್ಲ. ಬರೆದ: "ತಾನ್ಯಾ, ಗುರುಗಳಿಗೆ ಜ್ವರ. ನಾಳೆ ಬರಬೇಡ. ಕಾರ್ಯಕ್ರಮ ಮುಂದಿನ ವಾರ." ಒಂದು ನಿಮಿಷ ಹಿಡಿದುಕೊಂಡು ಕೂತ. ಹೆಬ್ಬೆರಳು ತಾನಾಗಿಯೇ ಒತ್ತಿಬಿಟ್ಟಿತು ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಂಡ. ಹೆಬ್ಬೆರಳು ತಾನಾಗಿಯೇ ಒತ್ತುತ್ತದೆಯೇ? ಒತ್ತಿದವನು ಅವನೇ. ತಕ್ಷಣ ಉತ್ತರ ಬಂತು: "ಓ ನೋ. ಓಕೆ ಅಂಕಲ್. ತಾತನ್ನ ನೋಡ್ಕೊಳ್ಳಿ." ಅದರ ಪಕ್ಕ ಕೈ ಜೋಡಿಸಿದ ಗುರುತು ಬೇರೆ. ಅವನು ಫೋನನ್ನು ಬೋರಲು ಹಾಕಿಟ್ಟ.

ಭಾನುವಾರ ಬಿಳಿ ಪಂಚೆ ಉಟ್ಟು, ಒಂದು ಡಜನ್ ಬಾಳೆಹಣ್ಣು ಹಿಡಿದು, ಅವನು ಹತ್ತೂವರೆಗೇ ಲೋಧಿ ಕಾಲೋನಿಯಲ್ಲಿದ್ದ. ರಾತ್ರಿ ಮಳೆ ಬಂದು ನೇರಳೆ ಮರಗಳು ಹಣ್ಣೆಲ್ಲ ಉದುರಿಸಿದ್ದವು. ಓಣಿಯ ಉದ್ದಕ್ಕೂ ಕಾಲಿಟ್ಟಲ್ಲೆಲ್ಲ ಕೆನ್ನೀಲಿ ಕೆಸರು. ವರಾಂಡದಲ್ಲಿ ದತ್ತಾತ್ರೇಯರು ಹೊಸ ಜುಬ್ಬಾ ತೊಟ್ಟು, ಎಣ್ಣೆ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು.

"ತಾನ್ಯಾ ಎಲ್ಲಿ?"

"ಗೊತ್ತಿಲ್ಲ. ಬರ್ತಾಳೇನೋ."

ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಏಕನಾಥ ಕೈ ತೊಳೆದು, ಒರೆಸಿ, ಎಣ್ಣೆಯ ಎದುರು ಕೂತ. ಗುರುಗಳು ಎಣ್ಣೆಯ ಕಡೆ ನೋಡಲೇ ಇಲ್ಲ, ಗೇಟಿನ ಕಡೆ ನೋಡುತ್ತಿದ್ದರು.

"ಶುರು ಮಾಡೋಣವೇ ಗುರುಗಳೇ? ಹೊತ್ತಾಯಿತು."

"ಅವಳು ಬರಲಿ."

"ಬರದಿದ್ದರೆ?"

"ಬರದೆ ಎಲ್ಲಿ ಹೋಗ್ತಾಳೆ? ಆಟೋದವನು ಆಚೆ ಬೀದೀಲಿ ದೊಡ್ಡ ಚಿತ್ರ ಬರೆದಿರೋ ಗೋಡೆ ಹತ್ತಿರ ಇಳಿಸಿಬಿಟ್ಟಿರಬೇಕು. ನೋಡ್ಕೊಂಡು ಬರ್ತೀನಿ ಇರು," ಎಂದು ಅವರು ಎದ್ದೇಬಿಟ್ಟರು.

ತಡೆಯಬಹುದಿತ್ತು. 'ನಾನು ನೋಡ್ತೀನಿ, ನೀವು ಕೂತ್ಕೊಳ್ಳಿ' ಎನ್ನಬಹುದಿತ್ತು. ಆದರೆ ಹೊಟ್ಟೆ ಹೊತ್ತಿ ಉರಿಯುತ್ತಿತ್ತು. ಎದುರಿಗೆ ಹನ್ನೊಂದು ವರ್ಷ ದುಡಿದ ಮನುಷ್ಯ ಕೂತಿದ್ದಾನೆ, ಮುದುಕಪ್ಪ ಆರು ತಿಂಗಳ ಹುಡುಗಿಯನ್ನು ಬೀದಿಯಲ್ಲಿ ಹುಡುಕಲು ಹೋಗುತ್ತಾನೆ! ಹೋಗಲಿ. ಏಕನಾಥ ಮುಖ ತಿರುಗಿಸಿ ಕೂತ. ಅರೆಕ್ಷಣಕ್ಕೆ ಗೇಟಿನಾಚೆ ಧಡ್ ಎಂದು ಸದ್ದು, ಅದರ ಹಿಂದೆಯೇ "ಅಮ್ಮಾ" ಎನ್ನುವ ಕೂಗು ಕೇಳಿತು.

ನೇರಳೆಹಣ್ಣಿನ ಮೇಲೆ ಕಾಲು ಜಾರಿತ್ತು. ಬಲಗೈ ಊರಿ ಬಿದ್ದಿದ್ದರು. ಹರಿಣಿ ಒಳಗಿನಿಂದ ಓಡಿ ಬಂದಳು. ಇಬ್ಬರೂ ಸೇರಿ ಅವರನ್ನು ಎತ್ತಿ ತಂದು ವರಾಂಡದ ಮಂಚದ ಮೇಲೆ ಮಲಗಿಸಿದರು. ಬಲಹೆಗಲಿನ ದುಂಡು ಮಾಯವಾಗಿ ಚೌಕವಾಗಿತ್ತು. ಕೀಲು ತಪ್ಪಿದೆ ಎನ್ನಲು ಮುಟ್ಟಿ ನೋಡುವುದೂ ಬೇಕಿರಲಿಲ್ಲ.

"ನಾನು ಕಾರು ತೆಗೀತೀನಿ, ಆಸ್ಪತ್ರೆಗೆ ಹೋಗೋಣ," ಎಂದಳು ಹರಿಣಿ.

"ಆಮೇಲೆ," ಎಂದರು ದತ್ತಾತ್ರೇಯರು ಹಲ್ಲು ಕಚ್ಚಿ. "ಮೊದಲು ತಾನ್ಯಾನ ಕರಿ. ಅವಳು ಕೂಡಿಸಲಿ."

ಆ ನೋವಿನಲ್ಲೂ ಅವಳದೇ ಹೆಸರು! ಪಕ್ಕದಲ್ಲಿ ತನ್ನ ತೊಡೆಯ ಮೇಲೆ ಅವರ ತಲೆ ಇಟ್ಟುಕೊಂಡು ಕೂತಿದ್ದ ಏಕನಾಥನಿಗೆ ಅಳು ಬರುವ ಹಾಗಾಯಿತು. ಹರಿಣಿ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ತಾನ್ಯಾ, ಎಲ್ಲಿದ್ದೀಯಾ? ಅಪ್ಪ ಬಿದ್ದುಬಿಟ್ಟರು, ಭುಜ ತಪ್ಪಿದೆ."

"ಕ್ಯಾ? ಹೇಗೆ? ಜ್ವರ ಇತ್ತಲ್ಲ ತಾತನಿಗೆ? ಏಕನಾಥ್ ಅಂಕಲ್ ನಿನ್ನೆ ಸಂಜೆ ಮೆಸೇಜ್ ಹಾಕಿದ್ರು, ಬರಬೇಡ, ಪ್ರೋಗ್ರಾಂ ಮುಂದಿನ ವಾರ ಅಂತ... ಚಲೋ, ನಾನು ಆಟೋ ಹಿಡೀತೀನಿ. ಅಭೀ ಆಯೀ."

ಫೋನು ಕಟ್ಟಾಯಿತು. ಹರಿಣಿ ಏಕನಾಥನನ್ನು ನೋಡಿದಳು. ಅವಳು ಏನೂ ಕೇಳಿರಲಿಲ್ಲ, ಆದರೂ ಅವನು "ನಾನು... ಅದು ಹಾಗಲ್ಲ..." ಎಂದು ತೊದಲಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ಅವನ ಕಥೆ. ದತ್ತಾತ್ರೇಯರು ಕಣ್ಣು ಮುಚ್ಚಿಕೊಂಡೇ ಇದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ಅವಳು ಬರೋಕೆ ಅರ್ಧ ಗಂಟೆ ಬೇಕು," ಎಂದ ಏಕನಾಥ. "ಅಷ್ಟರಲ್ಲಿ ಊತ ಏರಿಬಿಡುತ್ತೆ. ಗುರುಗಳೇ, ನಾನು ನೋಡ್ತೀನಿ. ಆಗದಿದ್ದರೆ ಆಸ್ಪತ್ರೆ."

"ಬೇಡ. ನೀನು ಮುಟ್ಟಬೇಡ."

"ಯಾಕೆ? ನನಗಾಗಲ್ಲ ಅಂತಲಾ?"

ನೋವಿಗೆ ಅವರ ಹಣೆಯ ಮೇಲೆ ಬೆವರು ಮೂಡಿತ್ತು. ಹರಿಣಿ ಗಟ್ಟಿಯಾಗಿ, "ಅಪ್ಪ, ಹಟ ಸಾಕು. ಒಂದೋ ಇವರು ನೋಡಲಿ, ಇಲ್ಲ ಈಗಲೇ ಕಾರು ಹತ್ತಿ" ಎಂದಳು. ಅವರು ತುಟಿ ಬಿಗಿದು ಮುಖ ಗೋಡೆಯ ಕಡೆ ತಿರುಗಿಸಿದರು.

ಏಕನಾಥ ಪದ್ಧತಿ ಬಿಡಲಿಲ್ಲ. ಮೊದಲು ಚೆನ್ನಾಗಿರುವ ಕೈ. ರೋಗಿ ಕಣ್ಣು ಮುಚ್ಚಿರಬೇಕು, ನಾವು ಒಂದು ಬೆರಳಿನ ತುದಿ ಚಿವುಟಬೇಕು, ಯಾವ ಬೆರಳು ಎಂದು ಅವರು ಹೇಳಬೇಕು. ರಕ್ತ, ನರ ಸರಿ ಇದೆಯೋ ಇಲ್ಲವೋ ತಿಳಿಯುವುದು ಹಾಗೆಯೇ. ಅವನು ಗುರುಗಳ ಎಡಗೈ ತೆಗೆದುಕೊಂಡು ಹೆಬ್ಬೆರಳು ಚಿವುಟಿದ.

"ಯಾವುದು?"

"ಉಂಗುರದ ಬೆರಳು."

ನೋವಿನಲ್ಲಿ ಗಲಿಬಿಲಿಯಾಗಿರಬೇಕು ಎಂದುಕೊಂಡ. ತೋರುಬೆರಳನ್ನು ಹಿಡಿದು ಈ ಸಲ ಉಗುರು ಊರಿ ಒತ್ತಿದ. ಅರ್ಧಚಂದ್ರದಂತೆ ಗುರುತು ಮೂಡಿತು.

"ಈಗ?"

"ಇನ್ನೂ ಮುಟ್ಟಿಲ್ವಲ್ಲೋ ನೀನು."

ಏಕನಾಥ ಆ ಬೆರಳನ್ನೇ ನೋಡಿದ. ಐದೂ ಬೆರಳು ಒಂದೊಂದಾಗಿ ಒತ್ತಿದ. ಬಲಗೈ ತೆಗೆದುಕೊಂಡ, ಅಲ್ಲೂ ಹಾಗೇ. ಎರಡೂ ಕೈ ಬೆಚ್ಚಗಿದ್ದವು, ರಕ್ತ ಓಡುತ್ತಿತ್ತು, ಆದರೆ ತುದಿಗಳಲ್ಲಿ ಜೀವವಿರಲಿಲ್ಲ. ಬಿದ್ದದ್ದು ಬಲಹೆಗಲು. ಎಡಗೈ ಬೆರಳು ಮರಗಟ್ಟುವುದು ಹೇಗೆ? ಇದು ಇವತ್ತಿನದಲ್ಲ.

"ಎಷ್ಟು ದಿನದಿಂದ ಗುರುಗಳೇ?" ಅವನ ದನಿ ತಗ್ಗಿಹೋಗಿತ್ತು.

"ಐದು ವರ್ಷ," ಎಂದರು ಅವರು ಗೋಡೆಗೆ. "ಸಕ್ಕರೆ ಕಾಯಿಲೆ. ಮೊದಲು ಕೂಡಿಸು. ಆಮೇಲೆ ಏನು ಬೈತೀಯೋ ಬೈಯಿ."

ಹರಿಣಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಏಕನಾಥ ಅವರ ಎಡಹೆಗಲನ್ನು ಅಂಗೈಯಿಂದ ಓದಿದ. ಕೀಲಿನ ಬಟ್ಟಲು ಎಲ್ಲಿದೆ, ಮೂಳೆಯ ಗುಂಡು ಎಷ್ಟು ಒಳಗಿದೆ, ಸ್ನಾಯು ಯಾವ ಕಡೆ ಎಳೆದಿದೆ. ಆಮೇಲೆ ಬಲಗಡೆಗೆ ಬಂದ. ಮೊಣಕೈ ಮಡಿಸಿ, ಮಣಿಕಟ್ಟು ಹಿಡಿದು, ಬಾಗಿಲು ತೆರೆದ ಹಾಗೆ ತೋಳನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿದ. ಅವರು ನರಳಿದಾಗ ನಿಂತ, ಸ್ನಾಯು ಸಡಿಲಿಸಿದಾಗ ಮುಂದುವರಿದ. ಯಾರೂ ಹೇಳಿಕೊಡುತ್ತಿರಲಿಲ್ಲ. ಆದರೂ ಎಲ್ಲಿ ಕಾಯಬೇಕು, ಎಲ್ಲಿ ಹೋಗಬೇಕು ಎನ್ನುವುದು ಕೈಗೆ ಗೊತ್ತಿತ್ತು. ಮೂಳೆ ತಿರುಗಿ, ಅಂಚು ಹತ್ತಿ, ಒಂದು ಭಾರವಾದ ಸದ್ದಿನೊಂದಿಗೆ ಮನೆಗೆ ಬಂತು.

ದತ್ತಾತ್ರೇಯರು ಉದ್ದಕ್ಕೆ ಉಸಿರು ಬಿಟ್ಟರು. ಏಕನಾಥನಿಗೆ ಜೀವನದಲ್ಲಿ ಅದಕ್ಕಿಂತ ದೊಡ್ಡ ಸಂತೋಷ ಆಗಿರಲಿಲ್ಲ, ಅದಕ್ಕಿಂತ ದೊಡ್ಡ ಸಿಟ್ಟೂ ಬಂದಿರಲಿಲ್ಲ.

ಜೋಳಿಗೆ ಕಟ್ಟಿ ತೋಳನ್ನು ಎದೆಗೆ ಬಿಗಿದು ಮುಗಿಸಿದ ಮೇಲೆ ಅವನು ಕೇಳಿದ. "ಹನ್ನೊಂದು ವರ್ಷ ಗುರುಗಳೇ. ಯಾಕೆ?"

"ಹೇಳ್ತೀನಿ ಕೇಳು, ಇವತ್ತು ಹೇಳದಿದ್ದರೆ ಇನ್ನು ಹೇಳಲ್ಲ." ಅವರು ನೀರು ಕೇಳಿ ಕುಡಿದರು. "ನೀನು ಬಂದ ಮೂರನೇ ವರ್ಷ ಗೊತ್ತಾಯ್ತು ನನಗೆ. ನಾನು ಎಳೆಯೋ ಮುಂಚೆ ನಿನ್ನ ಹಿಡಿತ ಬದಲಾಗಿರ್ತಿತ್ತು. ಮೂಳೆ ಯಾವ ಕಡೆ ಹೋಗಬೇಕೋ ಆ ಕಡೆಗೆ ನೀನು ಆಗಲೇ ದಾರಿ ಬಿಟ್ಟಿರ್ತಿದ್ದೆ. ನಲವತ್ತು ವರ್ಷಕ್ಕೆ ನನಗೆ ಬಂದದ್ದು ನಿನಗೆ ಮೂರು ವರ್ಷಕ್ಕೆ! ಹೊಟ್ಟೆ ಉರೀತು ಕಣೋ. ನಿನ್ನ ಕೈ ನನ್ನ ಕೈ ಮೇಲೆ ಬಂತು ಅಂದರೆ ಮಾರನೇ ದಿನದಿಂದ ಜನ ನಿನ್ನನ್ನ ಕೇಳ್ತಾರೆ, ನನ್ನನ್ನ ಯಾರು ಕೇಳ್ತಾರೆ? ಆಮೇಲೆ ಬೆರಳು ಸತ್ತುಹೋದವು. ಆಗ ಹೆದರಿಕೆ. ನೀನು ಒಂದು ಸಲ ಕೈ ಇಟ್ಟಿದ್ದರೆ ಸಾಕಿತ್ತು, ಅಡಿಯಲ್ಲಿರೋದು ಹೆಣ ಅಂತ ಗೊತ್ತಾಗಿಬಿಡ್ತಿತ್ತು. ಐದು ವರ್ಷದಿಂದ ನಾನು ಕೂಡಿಸಿದ್ದೆಲ್ಲ ನಿನ್ನ ಹಿಡಿತದ ಮೇಲೆ. ನಾನು ಎಳೆದದ್ದು ಬರೀ ಶಾಸ್ತ್ರಕ್ಕೆ."

"ಮತ್ತೆ ತಾನ್ಯಾಗೆ ಹೇಗೆ..."

"ಹೊಸಬಳು. ಜೀವ ಇರೋ ಕೈ ಯಾವುದು ಸತ್ತ ಕೈ ಯಾವುದು ಅಂತ ಆ ಮಗುವಿಗೇನು ಗೊತ್ತು? ಯಾರಿಗಾದರೂ ಕಲಿಸ್ತಿದ್ದೀನಿ ಅಂತ ತೋರಿಸ್ಕೋಬೇಕಿತ್ತಲ್ಲ. ಒಬ್ಬರಿಗೆ ಅಂದೆನಲ್ಲ, ಅವಳಿಗೇ ಕೊಟ್ಟು ಕದ್ದು ಹೋಗಿಬಿಡೋಣ ಅಂತಿದ್ದೆ. ಕೈ ನಿನ್ನದೇ ಏಕನಾಥ. ಇವತ್ತಿಂದ ನೀನೇ ಕೂತ್ಕೋ." ಅವರು ಇದ್ದಕ್ಕಿದ್ದ ಹಾಗೆ ನೋವಿನ ನಡುವೆಯೇ ನಕ್ಕುಬಿಟ್ಟರು. "ಜ್ವರ ಅಂತ ಮೆಸೇಜ್ ಹಾಕಿದೆಯಂತಲ್ಲೋ! ನನ್ನ ಶಿಷ್ಯನೇ ಸರಿ. ನಾನು ಹೇಳಿಕೊಡದೆ ಅದೊಂದನ್ನ ಕಲಿತುಬಿಟ್ಟೆ."

ವರಾಂಡದ ಮೆಟ್ಟಿಲ ಬಳಿ ಯಾರೋ ನಿಂತಿದ್ದರು. ಏಕನಾಥ ತಿರುಗಿ ನೋಡಿದ. ತಾನ್ಯಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಓಡಿ ಬಂದ ಏದುಸಿರು ಆಗಲೇ ಆರಿಹೋಗಿತ್ತು. ಅವಳು ಒಳಗೆ ಬರಲಿಲ್ಲ. "ತಾತ ಠೀಕ್ ಹೈ ನಾ?" ಎಂದು ಹರಿಣಿಯನ್ನು ಕೇಳಿ, ಅವಳು ತಲೆಯಾಡಿಸಿದ್ದು ನೋಡಿ, ಬಂದ ದಾರಿಯಲ್ಲೇ ವಾಪಸು ನಡೆದಳು.

ಏಕನಾಥ ಆರು ತಿಂಗಳಿಂದ ಬೇಡಿಕೊಂಡಿದ್ದು ಇದನ್ನೇ. ಅವಳು ಹೀಗೆ ತಲೆ ತಗ್ಗಿಸಿಕೊಂಡು ಗೇಟು ದಾಟಿ ಹೋಗಬೇಕು, ಗುರುಗಳು ಎಲ್ಲರ ಎದುರಿಗೆ ಕೈ ನಿನ್ನದು ಎನ್ನಬೇಕು. ಎರಡೂ ಒಂದೇ ಗಳಿಗೆಯಲ್ಲಿ ಆಯಿತು. ಹರಿಣಿ ಎಕ್ಸ್‌ರೇಗೆ ಹೋಗೋಣವೆಂದು ಕಾರು ತೆಗೆಯಲು ಹೋದಳು. ಅವನು ಅರೆಗಳಿಗೆ ಅಲ್ಲೇ ಕೂತಿದ್ದು, ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು, ನೇರಳೆ ಕೆಸರಿನಲ್ಲಿ ಜಾರದಂತೆ ಹೆಜ್ಜೆ ಇಡುತ್ತಾ ಅವಳ ಹಿಂದೆ ಹೋದ.

ಅವಳು ಓಣಿಯ ತುದಿಯಲ್ಲಿ ಫೋನು ಹಿಡಿದು ಆಟೋ ಹುಡುಕುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಯಾಕೆ ಮೆಸೇಜ್ ಹಾಕಿದ್ರಿ ಅಂಕಲ್?"

ಸುಳ್ಳು ನಾಲಿಗೆಯ ತುದಿಗೆ ಬಂತು. ಗುರುಗಳೇ ಹಾಕಲು ಹೇಳಿದರು ಎನ್ನಬಹುದಿತ್ತು. "ಹೊಟ್ಟೆಕಿಚ್ಚು," ಎಂದ.

"ಮೇರೆ ಸೇ? ನನ್ನ ಮೇಲೆ?" ಅವಳು ನಗಲು ಹೋಗಿ ನಗಲಾಗಲಿಲ್ಲ. "ನಾನು ಯಾರು? ನಾನು ತೋರಿಸೋಕೆ ಇಟ್ಟುಕೊಂಡಿದ್ದ ಪೀಸ್. ಏನೂ ತಿಳಿಯದೇ ಇರೋಳು. ಅವರೇ ಹೇಳಿದ್ರಲ್ಲ."

ಈಗ ಸುಮ್ಮನಿದ್ದರೆ ಸಾಕಿತ್ತು. ಅವಳು ಆಟೋ ಹತ್ತಿ ಹೋಗುತ್ತಿದ್ದಳು, ಮತ್ತೆ ಬರುತ್ತಿರಲಿಲ್ಲ. ಈ ಊರಿನಲ್ಲಿ ಕೈ ಅಂದರೆ ಅವನ ಕೈ ಒಂದೇ ಉಳಿಯುತ್ತಿತ್ತು. ಆರು ತಿಂಗಳು ಅವಳನ್ನು ಅವನಷ್ಟು ಕಣ್ಣಿಟ್ಟು ನೋಡಿದವರು ಇನ್ನೊಬ್ಬರಿರಲಿಲ್ಲ. ಅವಳ ಕೈ ಗುರುಗಳ ಕೈಯನ್ನು ತಳ್ಳಿದ್ದು ಅವನ ಕಣ್ಣಿಗೆ ಕಟ್ಟಿತು. ಅಹಂಕಾರ ಎಂದುಕೊಂಡಿದ್ದ. ಕೆಳಗಿನ ಕೈ ಸತ್ತಿತ್ತು ಅಂದ ಮೇಲೆ ಭಯ್ಯಾನ ಮಣಿಕಟ್ಟನ್ನು ಮನೆಗೆ ತಂದದ್ದು ಯಾರು? ತನ್ನ ಹಿಡಿತವೊಂದೇ ಅಲ್ಲ. ಅದು ಅವನಿಗೆ ಈಗ ತಿಳಿದದ್ದೂ ಅಲ್ಲ, ಹಿಡಿದುಕೊಂಡಿದ್ದ ಮೊಣಕೈಯಲ್ಲಿ ಆಗಲೇ ತಿಳಿದಿತ್ತು. ತಿಳಿದದ್ದಕ್ಕೇ ಅಷ್ಟು ಉರಿದಿದ್ದು.

"ನಿನಗೆ ಕೈ ಇದೆ," ಎಂದ. ಹಲ್ಲು ಕಿತ್ತಷ್ಟು ಕಷ್ಟವಾಯಿತು. "ಒಳ್ಳೇ ಕೈ."

"ಸಮಾಧಾನ ಮಾಡಬೇಡಿ ಪ್ಲೀಸ್. ನಿನ್ನೆ ಜ್ವರ ಅಂತ ಹೇಳಿದವರು ನೀವೇ."

"ಸಮಾಧಾನ ಅಲ್ಲಮ್ಮ! ನನಗೇನು ಹುಚ್ಚಾ, ಸುಮ್ಮಸುಮ್ಮನೆ ಸುಳ್ಳು ಮೆಸೇಜು ಹಾಕೋಕೆ? ಆರು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ ನಾನು. ನಿನ್ನ ಕೈ ನೋಡಿದರೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಏನೂ ಇಲ್ಲದವಳ ಮೇಲೆ ಯಾರಾದರೂ ಇಷ್ಟು ಉರೀತಾರಾ?"

ತಾನ್ಯಾ ಫೋನು ಕೆಳಗಿಳಿಸಿದಳು. ಅವನ ಮುಖವನ್ನು, ಅಲ್ಲೇನೋ ತಪ್ಪಿದ ಕೀಲು ಇದೆ ಎನ್ನುವ ಹಾಗೆ, ಅಂಗುಲ ಅಂಗುಲ ಪರೀಕ್ಷಿಸಿದಳು.

"ಈಗಲೂ ಉರೀತಾ ಇದೆಯಾ?"

"ಇದೆ."

"ಎಷ್ಟು?"

"ಏ ಹೋಗೇ! ಅದನ್ನೂ ಅಳೆದು ಹೇಳಬೇಕಾ ನಿನಗೆ?"

"ಹಾಗಾದರೆ ಓಕೆ," ಎಂದಳು ಅವಳು ಮೂಗು ಒರೆಸಿಕೊಂಡು. "ತಾತನ ಶಹಭಾಷ್ ಎಲ್ಲ ಸುಳ್ಳಾಯ್ತು. ನಿಮ್ಮ ಹೊಟ್ಟೆಕಿಚ್ಚನ್ನ ನಂಬ್ತೀನಿ. ಅದೊಂದೇ ಅಸಲಿ." ಆಟೋ ಬುಕ್ ಆಗಿದ್ದನ್ನು ರದ್ದು ಮಾಡಿದಳು. "ನಿಮ್ಮ ಕೈ ಮೇಲೆ ಕೈ ಇಡ್ತೀನಿ. ಯಾವಾಗ ಬರಲಿ?"

ಹರಿಣಿಯ ಕಾರು ಹಾರ್ನ್ ಮಾಡುತ್ತಾ ಗೇಟಿನಿಂದ ಹೊರಗೆ ಬಂತು, ಹಿಂದಿನ ಸೀಟಿನಲ್ಲಿ ಗುರುಗಳು ತಲೆ ಒರಗಿಸಿ ಕೂತಿದ್ದರು. ಏಕನಾಥ ಬಾಗಿಲು ತೆಗೆದು ಅವಳನ್ನು ಮೊದಲು ಹತ್ತಲು ಬಿಟ್ಟ.

"ಭಾನುವಾರ ಒಂಬತ್ತಕ್ಕೆ, ನಮ್ಮ ಮನೆಗೆ," ಎಂದ. "ವೈಶಾಲಿ ಮೆಟ್ರೋದಲ್ಲಿ ಇಳಿ. ಎರಡನೇ ಗೇಟಿನಿಂದ ಆಚೆ ಬಂದರೆ ಶೇರ್ ಆಟೋ ಸಿಗುತ್ತೆ. ಸೊಸೈಟಿ ಹೆಸರು ಬರಕೋ." ಅವಳು ಬರೆದುಕೊಳ್ಳುತ್ತಿದ್ದಾಗ ಅವನ ಹೊಟ್ಟೆ ಉರಿಯುತ್ತಲೇ ಇತ್ತು. ಟವರ್ ನಂಬರನ್ನೂ ಮನೆ ನಂಬರನ್ನೂ ಅವನು ಎರಡೆರಡು ಸಲ ಸರಿಯಾಗಿ ಹೇಳಿದ.